ಹಿಂದಿನ ಚಕ್ರ ಕುಣಿಯಬಾರದು

ಅಮೆರಿಕದ ಒಹಾಯೊ, ಇಂಡಿಯಾನಾ, ಇಲಿನಾಯ್ ಕಡೆಯ ಬೇಸಿಗೆ ಜಾತ್ರೆಗಳಲ್ಲಿ ಪಿಕಪ್ ಟ್ರಕ್ಕುಗಳಿಗೆ ಸ್ಲೆಡ್ ಎಳೆಯುವ ಸ್ಪರ್ಧೆ ಇರುತ್ತದೆ. ಎಳೆಯಬೇಕಾದ ದೂರ 300 ಅಡಿ, ಕೆಲವೆಡೆ 320. ನೂರು ಮೀಟರೂ ಆಗುವುದಿಲ್ಲ. ಆದರೂ ಬಹುಪಾಲು ಟ್ರಕ್ಕುಗಳು ಆ ಗೆರೆ ಮುಟ್ಟದೆ ನಡುವೆಯೇ ನಿಂತುಬಿಡುತ್ತವೆ. ಕಾರಣ ಸ್ಲೆಡ್ಡಿನ ರಚನೆಯಲ್ಲಿದೆ. ಅದೊಂದು ಉದ್ದನೆಯ ಗಾಡಿ. ಹಿಂದೆ ಚಕ್ರ, ಮುಂದೆ ನೆಲಕ್ಕೆ ತಾಗಿಕೊಂಡ ಉಕ್ಕಿನ ತಟ್ಟೆ, ಮೇಲೆ ಹಳಿಗಳು, ಹಳಿಯ ಮೇಲೆ ಭಾರ ತುಂಬಿದ ಪೆಟ್ಟಿಗೆ. ಹೊರಡುವಾಗ ಪೆಟ್ಟಿಗೆ ಹಿಂದಿನ ಚಕ್ರಗಳ ಮೇಲಿರುವುದರಿಂದ ಗಾಡಿ ಸಲೀಸಾಗಿ ಉರುಳುತ್ತದೆ. ಚಕ್ರ ತಿರುಗಿದಂತೆ ಪೆಟ್ಟಿಗೆ ಹಳಿಯ ಮೇಲೆ ಮುಂದಕ್ಕೆ ಏರುತ್ತದೆ, ಭಾರವೆಲ್ಲ ತಟ್ಟೆಯ ಮೇಲೆ ಕೂರುತ್ತದೆ, ತಟ್ಟೆ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಹೊರಟಾಗ ಹಗುರ ಎನಿಸಿದ್ದು ಇನ್ನೂರು ಅಡಿ ದಾಟುವಷ್ಟರಲ್ಲಿ ಬಂಡೆಯಾಗಿರುತ್ತದೆ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತಿನ ಜೋಡಿ ಕಲ್ಲೆಳೆಯುವುದನ್ನು ಕಂಡವರಿಗೆ ಈ ಆಟದ ಬೇರು ಥಟ್ಟನೆ ಅರ್ಥವಾಗುತ್ತದೆ. ಅಮೆರಿಕದಲ್ಲೂ ಮೊದಲು ಎಳೆಯುತ್ತಿದ್ದುದು ಕುದುರೆ ಜೋಡಿಗಳು. ಟ್ರ್ಯಾಕ್ಟರ್ ಬಂದ ಮೇಲೂ ಬಹಳ ಕಾಲ ಭಾರ ಹೆಚ್ಚಿಸುವ ಯಂತ್ರವಿರಲಿಲ್ಲ. ದಾರಿಯುದ್ದಕ್ಕೂ ನಿಂತ ಜನ ಸ್ಲೆಡ್ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ನಿಯಮಗಳನ್ನು ಒಂದು ಕಟ್ಟಿಗೆ ತರಲು ರಾಷ್ಟ್ರೀಯ ಟ್ರ್ಯಾಕ್ಟರ್ ಪುಲ್ಲರ್ಸ್ ಸಂಘ ಹುಟ್ಟಿದ್ದು 1969ರಲ್ಲಿ.

ಈ ಆಟದಲ್ಲಿ ಎಂಜಿನ್ನಿನ ಮಾತೇ ಜಾಸ್ತಿ. ಎಂಜಿನ್ ನಮಗೂ ಅಪರಿಚಿತವಲ್ಲ. 1989ರ ಮಾದರಿಯಿಂದ ಡಾಡ್ಜ್ ಪಿಕಪ್ಪಿಗೆ ಹಾಕತೊಡಗಿದ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಡೀಸೆಲ್ ಎಂಜಿನ್ನಿನ ಕುಲದ್ದೇ ಟಾಟಾ ಲಾರಿಗಳಿಗೂ ಬಂದಿತು, ನಮ್ಮ ಹೆದ್ದಾರಿಗಳಲ್ಲಿ ಅದರ ಸದ್ದು ಕೇಳದವರಿಲ್ಲ. ಅದಕ್ಕೆ ದೊಡ್ಡ ಟರ್ಬೊ ಕೂರಿಸಿ, ಪಂಪು ತಿರುಚಿ, ಮೂಲದ ಎರಡು ಮೂರು ಪಟ್ಟು ಶಕ್ತಿ ತೆಗೆಯುವವರು ಅಲ್ಲಿ ಊರಿಗೊಬ್ಬರಿದ್ದಾರೆ. ಆದರೆ ಅಷ್ಟೂ ಶಕ್ತಿ ನೆಲ ಸೇರುವುದು ನಾಲ್ಕು ಟೈರುಗಳ ಮೂಲಕವೇ. ಟೈರು ನೆಲ ಬಿಟ್ಟು ಕುಣಿಯತೊಡಗಿದರೆ ಶಕ್ತಿಯಿದ್ದಷ್ಟೂ ಹಾನಿ ಹೆಚ್ಚು.

ಈ ಕುಣಿತಕ್ಕೆ ಅಲ್ಲಿನವರು ವೀಲ್ ಹಾಪ್ ಎನ್ನುತ್ತಾರೆ. ಪಕ್ಕದಿಂದ ತೆಗೆದ ನಿಧಾನಗತಿಯ ವಿಡಿಯೊ ಒಂದನ್ನು ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಪ್ರತಿಬಲ ಹಿಂದಿನ ಆಕ್ಸಲ್ಲಿನ ಹೌಸಿಂಗನ್ನು ಹಿಮ್ಮುಖವಾಗಿ ತಿರುವುತ್ತದೆ. ಪಿನಿಯನ್ ಇರುವ ಮೂತಿ ಮೇಲೇಳುತ್ತದೆ. ಹೌಸಿಂಗನ್ನು ಹಿಡಿದಿರುವುದು ಲೀಫ್ ಸ್ಪ್ರಿಂಗ್ ಮಾತ್ರ, ಅದು ಈ ತಿರುಚಿಗೆ ಮಣಿದು ಎಸ್ ಅಕ್ಷರದಂತೆ ಸೊಟ್ಟಗಾಗುತ್ತದೆ. ಒಂದು ಕ್ಷಣ ಟೈರಿನ ಹಿಡಿತ ತಪ್ಪುತ್ತದೆ. ಸ್ಪ್ರಿಂಗ್ ಫಟ್ಟನೆ ನೆಟ್ಟಗಾಗಿ ಟೈರನ್ನು ನೆಲಕ್ಕೆ ಕುಕ್ಕುತ್ತದೆ, ಟೈರು ಮತ್ತೆ ಕಚ್ಚುತ್ತದೆ, ಸ್ಪ್ರಿಂಗ್ ಮತ್ತೆ ತಿರುಚಿಕೊಳ್ಳುತ್ತದೆ. ಸೆಕೆಂಡಿನಲ್ಲಿ ಹಲವು ಬಾರಿ ಇದೇ ಕುಕ್ಕಾಟ. ಪ್ರತಿ ಕುಕ್ಕಿಗೂ ಯು-ಜಾಯಿಂಟ್, ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ ಪಿನಿಯನ್ ಸುತ್ತಿಗೆ ಏಟು ತಿನ್ನುತ್ತವೆ. ಮೂತಿ ಮೇಲೆದ್ದಾಗ ಯು-ಜಾಯಿಂಟಿನ ಕೋನವೂ ಕೆಟ್ಟಿರುವುದರಿಂದ ಮೊದಲು ಮುರಿಯುವುದು ಸಾಮಾನ್ಯವಾಗಿ ಅದೇ.

ಮದ್ದು ಟ್ರ್ಯಾಕ್ಷನ್ ಬಾರ್. ಆಕ್ಸಲ್ಲಿಗೆ ಬಿಗಿಯಾಗಿ ಕೂರಿಸಿ ಮುಂದೆ ಛಾಸಿಗೆ ಸೇರಿಸುವ ದಪ್ಪ ಉಕ್ಕಿನ ಕೊಳವೆ, ಪಕ್ಕಕ್ಕೊಂದು. ಹೌಸಿಂಗ್ ತಿರುಗಲು ಹೋದರೆ ಬಾರ್ ತಡೆಯುತ್ತದೆ, ಸ್ಪ್ರಿಂಗಿಗೆ ತಿರುಚಿಕೊಳ್ಳಲು ಆಸ್ಪದವೇ ಇಲ್ಲ. ಬಾರ್ ಉದ್ದವಿರಬೇಕು. ಮೋಟು ಬಾರ್ ಹಾಕಿದರೆ ಆಕ್ಸಲ್ ಮೇಲೆ ಕೆಳಗೆ ಆಡುವ ವೃತ್ತವೂ ಸ್ಪ್ರಿಂಗ್ ಆಡುವ ವೃತ್ತವೂ ಒಂದಕ್ಕೊಂದು ಹೊಂದದೆ ಎಳೆದಾಟ ಶುರುವಾಗುತ್ತದೆ. ದಿನದ ಓಡಾಟಕ್ಕೂ ಅದೇ ಟ್ರಕ್ ಬೇಕಿದ್ದವರು ಛಾಸಿಯ ಕಡೆಯ ತುದಿಗೆ ಶ್ಯಾಕಲ್ ಕೊಟ್ಟು ಸ್ಪ್ರಿಂಗಿಗೆ ಅಲುಗಾಡಲು ಜಾಗ ಬಿಡುತ್ತಾರೆ.

ಎರಡನೆಯದು ಹಿಂಭಾಗ ಕುಸಿಯದಂತೆ ನೋಡಿಕೊಳ್ಳುವುದು. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು. ಅನೇಕ ಡೀಸೆಲ್ ಪಿಕಪ್ ವರ್ಗಗಳಲ್ಲಿ ಸ್ಲೆಡ್ಡಿನ ಕೊಂಡಿ ಸಿಕ್ಕಿಸುವ ಹಿಚ್ಚಿನ ಎತ್ತರಕ್ಕೆ 26 ಇಂಚಿನ, ಅಂದರೆ 66 ಸೆಂಟಿಮೀಟರಿನ ಮಿತಿಯಿದೆ. ಹಿಚ್ ಎತ್ತರವಿದ್ದಷ್ಟೂ ಎಳೆತ ಮುಂಭಾಗದ ಭಾರವನ್ನು ಹಿಂದಿನ ಟೈರುಗಳ ಮೇಲೆ ತಂದು ಹಾಕುತ್ತದೆ. ಎಳೆತ ಎರಡು ಟನ್, ಮುಂದಿನ ಹಿಂದಿನ ಚಕ್ರಗಳ ಅಂತರ ಮೂರೂವರೆ ಮೀಟರ್ ಎಂದಿಟ್ಟುಕೊಳ್ಳಿ. ಹಾಗೆ ಹಿಂದಕ್ಕೆ ಬರುವ ಭಾರ ಸುಮಾರು 375 ಕಿಲೊ. ಎಳೆಯುವಾಗ ಸ್ಪ್ರಿಂಗ್ ಕುಸಿದು ಹಿಚ್ ಹತ್ತು ಸೆಂಟಿಮೀಟರ್ ಇಳಿಯಿತು ಅನ್ನಿ, ಅದರಲ್ಲಿ ಐವತ್ತೇಳು ಕಿಲೊ ಹೋಯಿತು. ಅದೂ ಸ್ಲೆಡ್ ಅತಿ ಭಾರವಾಗಿರುವ ಕೊನೆಯ ಅಡಿಗಳಲ್ಲಿ. ಅದಕ್ಕೇ ಆಕ್ಸಲ್ಲಿಗೂ ಛಾಸಿಗೂ ನಡುವೆ ಉಕ್ಕಿನ ಬ್ಲಾಕ್ ಇಟ್ಟು ಹಿಂದಿನ ಸಸ್ಪೆನ್ಷನ್ನನ್ನೇ ಗಟ್ಟಿ ಮಾಡುತ್ತಾರೆ. ಎಲ್ಲ ವರ್ಗಗಳಲ್ಲೂ ಇದಕ್ಕೆ ಒಪ್ಪಿಗೆಯಿಲ್ಲ, ನಿಯಮದ ಪುಸ್ತಕ ಓದಿಯೇ ಕೈಹಾಕಬೇಕು. ಬ್ಲಾಕ್ ಇಟ್ಟುಕೊಂಡೇ ರಸ್ತೆಗೆ ಇಳಿಯುವುದಂತೂ ಬೇಡವೇ ಬೇಡ, ಒಂದೇ ಒಂದು ಹಳ್ಳ ಸಾಕು ಛಾಸಿ ಬಿರಿಯಲು.

ಹಿಂದೆ ಭಾರ ಬಂತೆಂದರೆ ಮುಂದೆ ಹಗುರವಾಯಿತು ಎಂದೇ ಅರ್ಥ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನವು ಗಾಳಿಯಲ್ಲಿ ಸುತ್ತಿದರೆ ಏನು ಬಂತು? ಹಾಗಾಗಿ ವರ್ಗದ ತೂಕದ ಮಿತಿಯೊಳಗೆ ಉಳಿದಷ್ಟು ಭಾರವನ್ನು ಬಂಪರಿನ ಮುಂದೆ ನೇತುಹಾಕುತ್ತಾರೆ. ಮುಂದಿನ ಆಕ್ಸಲ್ಲಿನ ನಡುವಿನಿಂದ 60 ಇಂಚು ಮೀರಬಾರದು ಎಂಬುದು ಅಲ್ಲಿ ರೂಢಿಯಲ್ಲಿರುವ ಕಟ್ಟಳೆ. ಮುಂದಿನ ಚಕ್ರಗಳು ಹೀಗೆ ಜೋರಾಗಿ ಎಳೆದಾಗ ಟೈ ರಾಡ್ ಬಾಗುವುದುಂಟು, ಅದಕ್ಕೆ ಗಟ್ಟಿ ಕೊಳವೆಯ ಕವಚ ತೊಡಿಸುವುದು ಕಡಿಮೆ ಖರ್ಚಿನ ಜಾಣತನ.

ಟೈರಿನ ಗಾಳಿಯ ಬಗ್ಗೆ ಹತ್ತು ಜನ ಹತ್ತು ಹೇಳುತ್ತಾರೆ. ಗಾಳಿ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಹಿಗ್ಗುತ್ತದೆ, ನಿಜ. ತೀರಾ ಇಳಿಸಿದರೆ ಟೈರಿನ ಪಕ್ಕದ ಗೋಡೆಯೇ ಇನ್ನೊಂದು ಸ್ಪ್ರಿಂಗ್ ಆಗಿ, ಬಾರ್ ಹಾಕಿ ಓಡಿಸಿದ ಕುಣಿತ ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತದೆ. ಕುಣಿತ ಕಂಡರೆ ಗಾಳಿ ಸ್ವಲ್ಪ ಏರಿಸಿ ನೋಡುವುದು ವಾಸಿ.

ಇಷ್ಟೆಲ್ಲ ಮಾಡಿದ ಮೇಲೂ ಕಾಲು ಒರಟಾದರೆ ಎಲ್ಲ ನೀರುಪಾಲು. ಹಸಿರು ಬಾವುಟ ಬಿದ್ದೊಡನೆ ಪೆಡಲನ್ನು ನೆಲಕ್ಕೆ ಒತ್ತುವವರು ಸಡಿಲ ಸರಪಣಿಗೆ ಜಗ್ಗು ಕೊಟ್ಟು ಕುಣಿತವನ್ನು ತಾವೇ ಎಬ್ಬಿಸುತ್ತಾರೆ. ಪಳಗಿದವರು ಗಾಡಿಯನ್ನು ಅಂಗುಲ ಅಂಗುಲ ಮುಂದೆ ಬಿಟ್ಟು ಸರಪಣಿ ಬಿಗಿಮಾಡಿಕೊಂಡು, ಆಮೇಲೆ ಒಂದೇ ಸಮನೆ ವೇಗ ಏರಿಸುತ್ತಾರೆ. ನಡುವೆ ಕುಣಿತ ಶುರುವಾಯಿತೇ, ಕಾಲು ಎತ್ತಲೇಬೇಕು. ಹತ್ತು ಅಡಿಯ ಆಸೆಗೆ ಶಾಫ್ಟ್ ಕಳೆದುಕೊಳ್ಳುವುದು ಮೂರ್ಖತನ. ಕತ್ತರಿಸಿದ ಶಾಫ್ಟ್ ಕೆಳಗೆ ಬೀಸದಂತೆ ಹಿಡಿಯುವ ಉಕ್ಕಿನ ಬಳೆ, ಯು-ಜಾಯಿಂಟಿನ ಸುತ್ತ ರಕ್ಷಣಾ ಕವಚ, ಇವು ನಿಯಮ ಕೇಳಲಿ ಬಿಡಲಿ ಇರಲೇಬೇಕು.

ನನ್ನ ತೀರ್ಪು ಇಷ್ಟು: ಮೊದಲ ದುಡ್ಡು ಟ್ರ್ಯಾಕ್ಷನ್ ಬಾರಿಗೆ, ಎರಡನೆಯದು ಗಟ್ಟಿ ಯು-ಜಾಯಿಂಟಿಗೆ, ಮೂರನೆಯದು ಹಿಚ್ಚಿಗೆ ಮತ್ತು ಟೈರಿಗೆ. ಉಳಿದರೆ ಟರ್ಬೊ. ಒಹಾಯೊ ಕಡೆ ಇರುವ ಕನ್ನಡಿಗರು, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರು ಆಗಸ್ಟಿನಲ್ಲಿ ಬೌಲಿಂಗ್ ಗ್ರೀನ್ ಊರಿನ ರಾಷ್ಟ್ರೀಯ ಪಂದ್ಯವನ್ನು ತಪ್ಪಿಸಿಕೊಳ್ಳಬೇಡಿ. ಸದ್ದು ವಿಪರೀತ, ಚಿಕ್ಕ ಮಕ್ಕಳ ಕಿವಿಗೆ ಒಳ್ಳೆಯ ಇಯರ್‌ಮಫ್ ಹಾಕಿಯೇ ಒಳಗೆ ಕರೆದುಕೊಂಡು ಹೋಗಿ.