ಎಂಜಿನ್ನಿನ ಕೆಳಗಿನ ನಟ್ಟು

ಹಳೆಯ ಬುಲೆಟ್ ಇಟ್ಟುಕೊಂಡ ಇಬ್ಬರು ಒಂದೆಡೆ ಸೇರಿದರೆ ಮಾತು ಬೇಗನೆ ಆಯಿಲ್ ಕಡೆಗೆ ತಿರುಗುತ್ತದೆ. ಯಾವ ಕಂಪನಿಯದು, ಎಷ್ಟು ಗ್ರೇಡಿನದು, ಮಿನರಲ್ ಒಳ್ಳೆಯದೋ ಸಿಂಥೆಟಿಕ್ಕೋ ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಹಳೆಯ ಆಯಿಲ್ ಎಷ್ಟು ಹೊರಗೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್‌ಗೆ ಸಂಬಂಧಪಟ್ಟಂತೆ ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ವಾದ. ದುಬಾರಿ ಡಬ್ಬಿಗೆ ಕೊಡುವ ಹೆಚ್ಚುವರಿ ಹಣಕ್ಕಿಂತ, ಕೆಳಗಿನ ನಟ್ಟುಗಳನ್ನು ಸರಿಯಾಗಿ ಬಿಚ್ಚಿ ಕಾಯುವ ಅರ್ಧ ಗಂಟೆ ಆ ಎಂಜಿನ್ನಿಗೆ ಹೆಚ್ಚು ಆಯುಸ್ಸು ಕೊಡುತ್ತದೆ.

ಇದಕ್ಕೆ ಕಾರಣ ಆ ಎಂಜಿನ್ನಿನ ರಚನೆಯಲ್ಲಿದೆ. 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ, ಇಂಗ್ಲೆಂಡಿನ ರೆಡ್ಡಿಚ್ ಕಾರ್ಖಾನೆಯ ವಿನ್ಯಾಸವನ್ನೇ ಇಟ್ಟುಕೊಂಡು ಬುಲೆಟ್ ಕಟ್ಟಿತು. ಹೊಸ ಎಂಜಿನ್ ಬಂದು ಹಳೆಯದು ಪೂರ್ತಿ ನಿಂತದ್ದು 2010ರ ಸುಮಾರಿಗೆ. ಅಲ್ಲಿಯವರೆಗೂ ಅದು ಡ್ರೈ ಸಂಪ್ ಎಂಜಿನ್ನೇ. ಇಂದಿನ ಬಹುಪಾಲು ಬೈಕುಗಳಲ್ಲಿ ಆಯಿಲ್ ಕ್ರ್ಯಾಂಕಿನ ಕೆಳಗೇ ನಿಂತಿರುತ್ತದೆ. ಹಳೆಯ ಬುಲೆಟ್‌ನಲ್ಲಿ ಕ್ರ್ಯಾಂಕ್‌ಕೇಸಿನ ಹಿಂಭಾಗದಲ್ಲೇ ಎರಕ ಹೊಯ್ದ ಪ್ರತ್ಯೇಕ ಟ್ಯಾಂಕ್ ಇದೆ. ಒಂದು ಪಂಪು ಅಲ್ಲಿಂದ ಆಯಿಲ್ ಎಳೆದು ಬಿಗ್ ಎಂಡ್‌ಗೆ ಕಳಿಸುತ್ತದೆ. ಕೆಳಗೆ ಸುರಿದದ್ದನ್ನು ಅದಕ್ಕಿಂತ ಹೆಚ್ಚು ಸಾಮರ್ಥ್ಯದ ಇನ್ನೊಂದು ಪಂಪು ಮೇಲೆತ್ತಿ ಟ್ಯಾಂಕಿಗೆ ಮರಳಿಸುತ್ತದೆ. ಗಾಡಿ ಓಡುತ್ತಿರುವಷ್ಟು ಹೊತ್ತು ಈ ಲೆಕ್ಕ ಸರಿ. ನಿಂತಾಗ, ಅದರಲ್ಲೂ ಪಂಪು ಸವೆದಿದ್ದರೆ, ಟ್ಯಾಂಕಿನ ಆಯಿಲ್ ನಿಧಾನವಾಗಿ ಜಿನುಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇಂಗ್ಲಿಷಿನವರು ವೆಟ್ ಸಂಪಿಂಗ್ ಎನ್ನುವುದು ಇದಕ್ಕೇ.

ಭಾನುವಾರ ನಸುಕಿನಲ್ಲಿ ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಹೋಗುವ ಹಳೆಯ ಬುಲೆಟ್‌ಗಳಲ್ಲಿ ಎಷ್ಟೋ ಗಾಡಿಗಳು ಉಳಿದ ಆರು ದಿನ ಮನೆಯಲ್ಲೇ ನಿಂತಿರುತ್ತವೆ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ದಿನವೂ ಕೆಲಸಕ್ಕೆ ಓಡುವ ಗಾಡಿಗಿಂತ ಈ ವಾರಕ್ಕೊಮ್ಮೆಯ ಗಾಡಿಗೇ ಮೇಲಿನ ತೊಂದರೆ ಹೆಚ್ಚು. ಹಾಗೆ ನಿಂತ ಗಾಡಿಯ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆ ಕಾಣುತ್ತದೆ, ಯಜಮಾನ ಮೇಲಿಂದ ಸುರಿಯುತ್ತಾನೆ. ಆಯಿಲ್ ಚೇಂಜ್ ಎಂದು ಟ್ಯಾಂಕಿನ ನಟ್ಟು ಒಂದನ್ನೇ ಬಿಚ್ಚಿದರೂ ಇದೇ ಕಥೆ. ಕ್ರ್ಯಾಂಕ್‌ಕೇಸಿನಲ್ಲಿ ಅರ್ಧ ಲೀಟರ್ ಉಳಿದಿರುತ್ತದೆ, ಅದರ ಮೇಲೆ ಪುಸ್ತಕದಲ್ಲಿ ಹೇಳಿದ ಸುಮಾರು ಎರಡೂಕಾಲು ಲೀಟರ್ ಬೀಳುತ್ತದೆ. ಸ್ಟಾರ್ಟ್ ಮಾಡಿದಾಗ ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಹೊರಗೆ ಉಗುಳುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಪಾಪದ ಪಿಸ್ಟನ್ ರಿಂಗುಗಳ ಮೇಲೆ ಅನುಮಾನ. ಎಂಜಿನ್ ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಸಲ ಎಷ್ಟು ಇಳಿದಿತ್ತು?

ಹಾಗಾಗಿ ಕ್ರಮ ಹೀಗಿರಬೇಕು. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಬೇಕು. ಇದರಿಂದ ಆಯಿಲ್ ತೆಳುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ರ್ಯಾಂಕ್‌ಕೇಸಿಗೆ ಇಳಿದದ್ದನ್ನು ಪಂಪು ಟ್ಯಾಂಕಿಗೆ ಮರಳಿಸಿರುತ್ತದೆ. ಕೂಡಲೇ ಡಬಲ್ ಸ್ಟ್ಯಾಂಡ್ ಹಾಕಿ ಬಿಚ್ಚಬೇಕು. ಟ್ಯಾಂಕಿನ ನಟ್ಟೂ ಕ್ರ್ಯಾಂಕ್‌ಕೇಸಿನ ನಟ್ಟೂ ಬೇರೆ ಬೇರೆ, ಎರಡನ್ನೂ ತೆಗೆಯಬೇಕು. ತೊಡಕು ಇರುವುದು ಇಲ್ಲೇ. ಅವು ಎಂಜಿನ್ನಿನ ಹೊಟ್ಟೆಯಡಿ ಇವೆ. ಒಂದು ಕಡೆ ಕಾಯ್ದ ಸೈಲೆನ್ಸರ್ ಪೈಪು, ಹಿಂದೆ ಸ್ಟ್ಯಾಂಡು. ಕಣ್ಣಿಗೆ ಕಾಣಬೇಕಾದರೆ ನೆಲಕ್ಕೆ ಮೈ ಚಾಚಬೇಕು. ಸ್ಪ್ಯಾನರ್ ತಿರುಗಿಸಲು ಜಾಗ ಸಾಲದು. ಅದಕ್ಕೇ ಎಷ್ಟೋ ಕಡೆ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆಗಳನ್ನು ಉಂಡೆ ಮಾಡಿಟ್ಟಿರುತ್ತಾರೆ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬಿಟ್ಟು ಬೇರೇನೂ ಅಲ್ಲಿ ಹೋಗಕೂಡದು. ಖಾಲಿ ಆಯಿಲ್ ಡಬ್ಬಿಯ ಒಂದು ಪಕ್ಕವನ್ನು ಕೊಯ್ದು ಮಲಗಿಸಿದರೆ ಎಂಜಿನ್ ಕೆಳಗೆ ನುಸುಳುವಷ್ಟು ತಗ್ಗಾದ ತಟ್ಟೆ ಸಿಗುತ್ತದೆ. ಇಳಿದದ್ದನ್ನು ಅಳತೆ ಗೆರೆಯಿರುವ ಡಬ್ಬಿಗೆ ಸುರಿದು ಬರೆದಿಡಬೇಕು. ಟೈಮಿಂಗ್ ಕವರಿನಲ್ಲಿರುವ ಫೆಲ್ಟ್ ಫಿಲ್ಟರ್ ಬದಲಿಸಿದ್ದರೆ, ಅದರ ಗೂಡು ಖಾಲಿಯಿರುತ್ತದೆ. ಅದರೊಳಗೆ ಆಯಿಲ್ ತುಂಬಿ, ಡಿಕಂಪ್ರೆಸರ್ ಹಿಡಿದು ಹಲವು ಸಲ ಕಿಕ್ ಹೊಡೆದ ನಂತರವೇ ಸ್ಟಾರ್ಟ್ ಮಾಡಬೇಕು. ಇಲ್ಲದಿದ್ದರೆ ಬಿಗ್ ಎಂಡ್ ಮೊದಲ ಕ್ಷಣಗಳಲ್ಲಿ ಒಣಗಿಯೇ ತಿರುಗುತ್ತದೆ.

ಇಷ್ಟೆಲ್ಲ ಯಾಕೆ, ಮೇಲಿನ ಬಾಯಿಂದ ಪೈಪು ಹಾಕಿ ಹೀರಿ ತೆಗೆದರಾಯಿತು ಎನ್ನುವವರಿದ್ದಾರೆ. ಕೆಲವು ಕಾರುಗಳಿಗೆ ಆ ವಿಧಾನ ಒಪ್ಪುತ್ತದೆ, ಒಪ್ಪುತ್ತೇನೆ. ಬುಲೆಟ್‌ನಲ್ಲಿ ಆ ಪೈಪು ಟ್ಯಾಂಕನ್ನಷ್ಟೇ ಮುಟ್ಟುತ್ತದೆ. ಕ್ರ್ಯಾಂಕ್‌ಕೇಸ್ ಇರುವುದು ಗೋಡೆಯ ಆಚೆ. ಹೀರುವ ಪೈಪಿಗೆ ತಳದ ಗಸಿಯೂ ಲೋಹದ ಪುಡಿಯೂ ಪೂರ್ತಿ ಸಿಗುವುದಿಲ್ಲ. ಈಗಿನ ಆಯಿಲ್ ಬಹಳ ಸುಧಾರಿಸಿದೆ, ಸ್ವಲ್ಪ ಹಳೆಯದು ಬೆರೆತರೆ ಏನಂತೆ ಎಂಬುದು ಇನ್ನೊಂದು ಮಾತು. ಎರಡೂಕಾಲರಲ್ಲಿ ಅರ್ಧ ಲೀಟರ್ ಅಂದರೆ ಐದರಲ್ಲೊಂದು ಪಾಲಿಗಿಂತ ಹೆಚ್ಚು, ಅದು ಸ್ವಲ್ಪವಲ್ಲ. ಜೊತೆಗೆ ಇಂದಿನ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಹಳೆಯ ಗಸಿಯನ್ನು ಸಡಿಲಿಸಿ ತನ್ನೊಂದಿಗೆ ಸುತ್ತಾಡಿಸುತ್ತದೆ. ಬಹಳ ಕಾಲ ಅಲಕ್ಷ್ಯಕ್ಕೆ ಸಿಕ್ಕ ಎಂಜಿನ್ನಿಗೆ ಒಳ್ಳೆಯ ಆಯಿಲ್ ಹಾಕಿದಷ್ಟೂ ತಳ ಖಾಲಿ ಮಾಡುವ ಅಗತ್ಯ ಹೆಚ್ಚುತ್ತದೆ.

ನಿಜವಾಗಿ ತೂಕವಿರುವ ಆಕ್ಷೇಪ ಮೆಕ್ಯಾನಿಕ್‌ಗಳದು: ಮತ್ತೆ ಮತ್ತೆ ಬಿಚ್ಚಿದರೆ ಥ್ರೆಡ್ ಹೋಗುತ್ತದೆ. ಕ್ರ್ಯಾಂಕ್‌ಕೇಸ್ ಅಲ್ಯುಮಿನಿಯಂ, ಉಕ್ಕಿನ ನಟ್ಟಿನ ಮುಂದೆ ಅದು ಮೆತ್ತಗೆ. ಆದರೆ ಥ್ರೆಡ್ ಹಾಳಾಗುವುದು ಬಿಗಿಯುವಾಗಿನ ಬಲಪ್ರಯೋಗದಿಂದ. ಸವೆದ ವಾಷರ್ ಸೋರುತ್ತದೆ, ಸೋರುವುದನ್ನು ನಿಲ್ಲಿಸಲು ಇನ್ನೂ ಒಂದು ಸುತ್ತು ಬಿಗಿಯುತ್ತಾರೆ, ಅಲ್ಲಿಗೆ ಥ್ರೆಡ್ ಮುಗಿಯಿತು. ಪ್ರತಿ ಸಲ ಹೊಸ ವಾಷರ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿದರೆ ಈ ಭಯ ಬೇಡ. ಎಂಟು ವರ್ಷ ಮುಟ್ಟದೆ ಬಿಟ್ಟು ಕಚ್ಚಿಕೊಂಡ ನಟ್ಟು ಥ್ರೆಡ್ಡನ್ನು ಎಳೆದುಕೊಂಡೇ ಹೊರಬರುವ ಅಪಾಯವೇ ಹೆಚ್ಚು.

ನಮ್ಮದೇ ರಾಜ್ಯದ ಯೆಜ್ಡಿಗೂ ಈ ಮಾತು ಸಲ್ಲುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತೇವಲ್ಲ, ಬದಲಿಸಲು ಇನ್ನೇನಿದೆ ಎಂದು ಹಲವರು ಸುಮ್ಮನಾಗುತ್ತಾರೆ. ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಪ್ರೈಮರಿ ಚೈನಿಗೂ ಸೇರಿ ಒಂದೇ ಆಯಿಲ್ ಅಲ್ಲಿದೆ. ಕಾರ್ಕ್ ಪ್ಲೇಟಿನ ಪುಡಿ, ಚೈನಿನ ಸವೆತ ಎಲ್ಲವೂ ಅದರ ತಳ ಸೇರುತ್ತವೆ. ಇಳಿಸಿ ಅಳೆದಾಗ ಹಾಕಿದ್ದಕ್ಕಿಂತ ಕಡಿಮೆ ಬಂದು, ಹೊರಗೆಲ್ಲೂ ಸೋರಿಕೆ ಕಾಣದೆ, ಸೈಲೆನ್ಸರಿನಲ್ಲಿ ಹೊಗೆ ಹೆಚ್ಚಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ನೋಡಬೇಕು. ಎಂಜಿನ್ ಆ ಆಯಿಲ್ಲನ್ನು ಎಳೆದುಕೊಂಡು ಸುಡುತ್ತಿರಬಹುದು. ಇಳಿದ ಆಯಿಲ್ ರಕ್ತಪರೀಕ್ಷೆಯ ವರದಿಯಿದ್ದಂತೆ, ಓದದೆ ಚೆಲ್ಲಬಾರದು.

ಓದಿದ ಮೇಲೂ ಚೆಲ್ಲಬಾರದು. ಸುಟ್ಟ ಆಯಿಲ್ಲನ್ನು ಸೆಂಟ್ರಿಂಗ್ ಶೀಟಿಗೆ ಬಳಿಯುವುದು, ಗೆದ್ದಲು ಹತ್ತದಿರಲೆಂದು ಬೇಲಿ ಗೂಟಕ್ಕೆ ಹಚ್ಚುವುದು ನಮ್ಮ ಕಡೆ ರೂಢಿ. ವ್ಯರ್ಥ ಮಾಡುವುದಕ್ಕಿಂತ ಅದು ಮೇಲಲ್ಲವೇ ಎಂದು ಕೇಳುತ್ತಾರೆ. ಗೂಟಕ್ಕೆ ಹಚ್ಚಿದ್ದು ಮಳೆಗೆ ತೊಳೆದು ಮಣ್ಣು ಸೇರುತ್ತದೆ, ಲೋಹದ ಅಂಶವೂ ಅದರ ಜೊತೆಗೇ. ವರ್ಷವಿಡೀ ಹರಿಯುವ ನದಿಯಿಲ್ಲದೆ ಬೋರ್‌ವೆಲ್ ನಂಬಿ ಬದುಕುವ ಹೊಸಕೋಟೆ, ದೊಡ್ಡಬಳ್ಳಾಪುರಗಳಿಗೆ ಇದು ಸಣ್ಣ ವಿಷಯವಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ, ಅದು ಹೋಗಬೇಕಾದದ್ದು ಅಧಿಕೃತ ಮರುಸಂಸ್ಕರಣೆಗೆ. ಅಲ್ಲಿ ಶುದ್ಧಿಯಾಗಿ ಅದು ಮತ್ತೆ ಬೇಸ್ ಆಯಿಲ್ ಆಗಬಲ್ಲದು. ಆದರೆ ನೀರು, ಪೆಟ್ರೋಲು, ಬ್ರೇಕ್ ಫ್ಲೂಯಿಡ್ ಬೆರೆತರೆ ಆ ಕೆಲಸ ಕೆಡುತ್ತದೆ. ಅಳತೆ ನೋಡಿದ ಅದೇ ಡಬ್ಬಿಯ ಮುಚ್ಚಳ ಬಿಗಿದು, ಬೇರೇನೂ ಸೇರಿಸದೆ, ಹಳೆಯ ಆಯಿಲ್ ಸಂಗ್ರಹಿಸಿ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕು.