ತುಂಗಭದ್ರೆಯೂ ಕುರಿಯ ಕುಲವೂ

ಭಾರತದ ಕುರಿತಳಿಗಳ ವಿಷಯವಾಗಿ ಯಾರು ಏನು ಬರೆಯಹೊರಟರೂ, ಆರ್. ಎಂ. ಆಚಾರ್ಯರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ರಚಿಸಿ 1982ರಲ್ಲಿ ಪ್ರಕಟವಾದ ಗ್ರಂಥಕ್ಕೆ ಮೊದಲು ಕೈಮುಗಿದು ಮುಂದಡಿಯಿಡುವುದು ವಾಡಿಕೆಯಾಗಿಬಿಟ್ಟಿದೆ. ದೇಶದ ಆಡುಕುರಿಗಳನ್ನೆಲ್ಲ ಮೈಬಣ್ಣ, ಕಿವಿ, ಕೊಂಬು, ಉಣ್ಣೆ, ತೂಕಗಳ ಸಹಿತ ಒಂದೇ ಹೊತ್ತಗೆಯಲ್ಲಿ ಅಡಕಗೊಳಿಸಿದ ಆ ಪರಿಶ್ರಮ ಗೌರವಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಅದನ್ನಿಲ್ಲಿ ವಿಸ್ತರಿಸಬೇಕಾಗಿಯೂ ಇಲ್ಲ. ಆದರೆ ಗ್ರಂಥವೊಂದು ಪ್ರಮಾಣವಾಗುವುದು ಬೇರೆ, ಪರೀಕ್ಷೆಗೆ ಅತೀತವಾಗುವುದು ಬೇರೆ. ಈ ಗ್ರಂಥಕ್ಕೆ ಎರಡನೆಯ ಗತಿ ಒದಗಿದೆಯೆಂಬುದು, ತುಂಗಭದ್ರೆಯ ದಕ್ಷಿಣಕ್ಕಿರುವ ಪಾಪಿನಾಯಕನಹಳ್ಳಿಯ ಸುತ್ತಿನ ಹಿಂಡುಗಳನ್ನು ಕಂಡು ಅದನ್ನೋದುವವನಿಗೆ ಹೊಳೆಯದಿರದು.

ಬಳ್ಳಾರಿ ಕುರಿಯ ವರ್ಣನೆಯನ್ನೇ ತೆಗೆದುಕೊಳ್ಳೋಣ. ಮೈಬಣ್ಣ ಬಿಳಿಯಿಂದ ಮೊದಲಾಗಿ, ಕಪ್ಪುಬಿಳಿಯ ನಾನಾ ಮಿಶ್ರಣಗಳನ್ನು ಹಾದು, ಅಚ್ಚಗಪ್ಪಿನವರೆಗೆ. ಟಗರುಗಳಲ್ಲಿ ಮೂರನೆಯ ಒಂದು ಪಾಲಿಗೆ ಕೊಂಬು, ಉಳಿದವು ಬೋಳು. ಉಣ್ಣೆ ಅತಿ ಒರಟು. ಇಷ್ಟನ್ನು ಹೇಳಿದ ಗ್ರಂಥವು, ದಖ್ಖನಿ ಎಂಬ ತಳಿಗೂ ಬಳ್ಳಾರಿಗೂ ಹೇಳಿಕೊಳ್ಳುವಂಥ ಭೇದವಿಲ್ಲವೆಂದು ತಾನೇ ಒಪ್ಪಿ, ತುಂಗಭದ್ರೆಯ ಉತ್ತರದವು ದಖ್ಖನಿ, ದಕ್ಷಿಣದವು ಬಳ್ಳಾರಿ ಎಂದು ಮುಗಿಸುತ್ತದೆ. ಬಣ್ಣ ಯಾವುದಾದರೂ ಸಲ್ಲುವುದಾದರೆ, ಕೊಂಬು ಇದ್ದರೂ ಇಲ್ಲದಿದ್ದರೂ ನಡೆಯುವುದಾದರೆ, ಈ ಲಕ್ಷಣದಿಂದ ಹೊರಗುಳಿಯುವ ಕುರಿ ಯಾವುದು? ನಮ್ಮ ತಾರ್ಕಿಕರು ಅತಿವ್ಯಾಪ್ತಿಯೆಂದು ಕರೆದ ದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ. ಲಕ್ಷಣವು ಕೈಬಿಟ್ಟಲ್ಲಿ ಹೊಳೆಯನ್ನು ಕರೆಸಿ ಎಲ್ಲೆಯ ಕೆಲಸಕ್ಕೆ ನಿಲ್ಲಿಸಲಾಗಿದೆ.

ಈ ನಿಯಮದಂತೆ ಆನೆಗೊಂದಿಯಲ್ಲಿ ಮೇಯುವ ಕುರಿ ದಖ್ಖನಿ. ಕಂಪ್ಲಿಯಲ್ಲಿ, ಹಂಪೆಯಲ್ಲಿ, ಸಂಡೂರಿನ ಗುಡ್ಡಗಳ ಬುಡದಲ್ಲಿ ಮೇಯುವುದು ಬಳ್ಳಾರಿ. ಹಿಂಡಿನ ಬದುಕು ಈ ನಿಯಮವನ್ನರಿಯದು. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿಸಿಕೊಳ್ಳುವ ರೈತನು ಹಿಂಡು ಯಾವ ದಡದ್ದೆಂದು ವಿಚಾರಿಸುವುದಿಲ್ಲ. ಸಂತೆಯಲ್ಲಿ ಟಗರು ಕೊಳ್ಳುವ ಕುರುಬನು ಮೈಕಟ್ಟನ್ನೂ ಹಲ್ಲನ್ನೂ ನೋಡುವನೇ ಹೊರತು ಹೊಳೆಯನ್ನಲ್ಲ. ಒಂದು ಟಗರು ಕೈಬದಲಾದರೆ ಮರುವರ್ಷದ ಮರಿಗಳಲ್ಲಿ ಎರಡು ದಡಗಳ ರಕ್ತವೂ ಕೂಡಿರುತ್ತದೆ. ಇದು ಇಂದು ನಿನ್ನೆಯದಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯ ಕೊನೆಯ ದಿನದ ಬಲಿಗೆ 4,500 ಕುರಿಗಳ ಲೆಕ್ಕ ಕೊಡುತ್ತಾನೆ. ಅಂಥ ಪಟ್ಟಣದ ಬೇಡಿಕೆಯನ್ನು ಒಂದೇ ದಡದ ಹಿಂಡುಗಳು ಪೂರೈಸಿದುವೆಂದು ನಂಬುವವರಾರು?

ಇಲ್ಲಿ ಇನ್ನೊಂದು ಪಕ್ಷದೊಡನೆ ಜಗಳ ತೆಗೆಯದೆ ಗತ್ಯಂತರವಿಲ್ಲ. ವರ್ಣನೆಯ ಕಾಲ ಮುಗಿಯಿತು, ಇನ್ನು ಡಿಎನ್ಎಯೇ ಪ್ರಮಾಣವೆಂದು ಸಾರುವವರು, 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವನ್ನು ಮುಂದೊಡ್ಡುತ್ತಾರೆ. 74 ತಳಿಗಳ 2,819 ಕುರಿಗಳನ್ನು ಜೀನೋಮಿನ ಸುಮಾರು 49,000 ಸ್ಥಾನಗಳಲ್ಲಿ ಪರೀಕ್ಷಿಸಿದ ಆ ಅಧ್ಯಯನವು, ತಳಿಗಳು ಹಿಂದೆ ಹೇರಳವಾಗಿ ಬೆರೆತಿದ್ದುವೆಂದೂ, ಮನುಷ್ಯನ ಆಯ್ಕೆಯ ಅತಿ ಪ್ರಬಲವಾದ ಗುರುತು ಕೊಂಬಿನ ಇರವು ಇಲ್ಲಮೆಗಳನ್ನು ನಿರ್ಣಯಿಸುವ ಭಾಗದಲ್ಲಿದೆಯೆಂದೂ ತೋರಿಸಿತು. ಬಹುಮಾನ್ಯವಾದ ಕೆಲಸವೇ ಸರಿ. ಆದರೆ ಆ ಪಟ್ಟಿಯಲ್ಲಿ ದಖ್ಖನಿಗೆ ಸ್ಥಾನ ದೊರೆಯಿತು, ಬಳ್ಳಾರಿಗೆ ದೊರೆಯಲಿಲ್ಲ. ರಕ್ತವನ್ನು ತೆಗೆಯುವ ಮೊದಲೇ ಕುರಿಗೆ ಹೆಸರಿಡಬೇಕಷ್ಟೆ. ಆ ಹೆಸರು ಬರುವುದು ಹಳೆಯ ವರ್ಣನೆಗಳಿಂದಲೇ. ಭೇದ ಕಂಡರೆ ತಳಿಯೆನ್ನುವುದು, ಕಾಣದಿದ್ದರೆ ತಳಿಗಳ ಬೆರಕೆಯೆನ್ನುವುದು: ಎರಡು ಬಗೆಯಲ್ಲಿಯೂ ಸಿದ್ಧವಾಗಬೇಕಾದುದನ್ನು ಮೊದಲೇ ಸಿದ್ಧವೆಂದು ಹಿಡಿದಂತಾಯಿತು. ಗ್ರಂಥವನ್ನು ಮೀರಿದೆವೆನ್ನುವವರು ಗ್ರಂಥದ ಹೊಳೆಯನ್ನೇ ಸಿರಿಂಜಿನಲ್ಲಿ ತುಂಬಿಕೊಂಡು ಹೊರಟಿದ್ದಾರೆ.

ಸಂಗನಕಲ್ಲು, ಕುಡತಿನಿಗಳ ನವಶಿಲಾಯುಗದ ನೆಲೆಗಳನ್ನೂ ಬೂದಿದಿಬ್ಬಗಳನ್ನೂ ತೋರಿಸಿ, ಬಳ್ಳಾರಿ ಕುರಿಯು ಈ ಮಣ್ಣಿನಲ್ಲೇ ಹುಟ್ಟಿದ ಅಚ್ಚ ತಳಿಯೆನ್ನುವ ಅಭಿಮಾನಿಗಳಿಗೂ ಒಂದು ಮಾತು ಸಲ್ಲಬೇಕು. ಕುರಿಯ ಕಾಡುಪೂರ್ವಜವು ದಕ್ಷಿಣ ಭಾರತದ್ದಲ್ಲ. ಪಶ್ಚಿಮ ಏಷ್ಯದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಪಳಗಿಸಲ್ಪಟ್ಟ ಪ್ರಾಣಿ ಅದು. ಪ್ರಾಚೀನ ನೆಲೆಯ ಎಲುಬು ಅಲ್ಲಿ ಕುರಿ ಸಾಕಿದ್ದರೆಂಬುದಕ್ಕೆ ಸಾಕ್ಷಿ. ಇಂದಿನ ಹಿಂಡಿನ ವಂಶಶುದ್ಧಿಗಲ್ಲ. ಬಳ್ಳಾರಿ ಕುರಿಯ ಬೆಲೆಯಿರುವುದು ಶುದ್ಧಿಯಲ್ಲಲ್ಲ, ಗ್ರಂಥವು ಗೊಂದಲವೆಂಬಂತೆ ದಾಖಲಿಸಿದ ಆ ಬಣ್ಣಕೊಂಬುಗಳ ವೈವಿಧ್ಯದಲ್ಲಿಯೇ.

ಆದ್ದರಿಂದ ಆಚಾರ್ಯರ ಗ್ರಂಥವು ಪಟ್ಟಿಯಾಗಿ ಉಳಿಯಲಿ. ವಂಶಾವಳಿಯಾಗಿ ಅದನ್ನೋದುವುದು ನಿಲ್ಲಲಿ. ಮುಂದೆ ಪರೀಕ್ಷೆಗೆ ತೊಡಗುವವರು ಎರಡು ದಡಗಳ ಹಿಂಡುಗಳಿಂದಲೂ ಹೆಸರಿಲ್ಲದೆ ರಕ್ತವನ್ನು ತೆಗೆದು, ಟಗರು ಯಾವ ಸಂತೆಯದು, ಹಿಂಡು ಯಾವ ದಾರಿಯದು ಎಂಬುದನ್ನು ಕುರುಬನ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ದಖ್ಖನಿ, ಬಳ್ಳಾರಿ ಎಂಬ ಹೆಸರುಗಳಿಗೆ ಹುರುಳಿದ್ದರೆ ಅವು ಆ ಪರೀಕ್ಷೆಯ ಕೊನೆಯಲ್ಲಿ ತಾವಾಗಿಯೇ ಮೂಡಿಬರುವುವು. ಮೂಡದಿದ್ದರೆ ಅವನ್ನು ಕೈಬಿಡುವ ಧೈರ್ಯ ನಮ್ಮ ಪಂಡಿತರಿಗಿರಬೇಕು.