ಪದವಿ ಹಂತದ ಆರೋಗ್ಯ ಸಂಶೋಧನೆ: ವಿದ್ಯಾರ್ಥಿನಿಯರ ಪಾಲೆಷ್ಟು?

ಆರೋಗ್ಯ ವಿಜ್ಞಾನದ ಪದವಿ ವಿದ್ಯಾರ್ಥಿಗಳಲ್ಲಿ ಸಂಶೋಧನೆಯ ಒಲವನ್ನು ಅಳೆಯುವ ಸಮೀಕ್ಷೆಗಳು ಕೆಲವೊಮ್ಮೆ ಕೇಳುವುದು ಒಂದೇ ಪ್ರಶ್ನೆ: ಸಂಶೋಧನೆಯಲ್ಲಿ ಪಾಲ್ಗೊಂಡಿದ್ದೀರಾ? ವಾರ್ಡಿನಲ್ಲಿ ರೋಗಿಗಳ ಮಾಹಿತಿ ಬರೆದುಕೊಂಡವಳೂ ‘ಹೌದು’ ಎನ್ನುತ್ತಾಳೆ, ಲೇಖನ ಬರೆದು ಮೊದಲ ಹೆಸರು ಪಡೆದವನೂ ‘ಹೌದು’ ಎನ್ನುತ್ತಾನೆ. ಲೆಕ್ಕದಲ್ಲಿ ಇಬ್ಬರೂ ಸಮ. ಹೆಣ್ಣು ಗಂಡಿನ ನಡುವೆ ಅಂತರವಿಲ್ಲ ಎಂಬ ತೀರ್ಮಾನ ಇಂಥ ಪ್ರಶ್ನೆಯಿಂದ ಬಂದಿದ್ದರೆ ಅದನ್ನು ನಂಬುವುದು ಕಷ್ಟ.

ಅಂತರ ಕಾಣುವುದು ಹೆಸರುಗಳ ಸಾಲಿನಲ್ಲಿ. ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಲೇಖಕರಲ್ಲಿ ಮಹಿಳೆಯರ ಪಾಲು 1970ರಲ್ಲಿ ಶೇ 5.9 ಇದ್ದದ್ದು 2004ಕ್ಕೆ ಶೇ 29.3 ಆಯಿತು. ಸಂಶೋಧನೆಯ ಹೊಣೆ ಹೊತ್ತ ಹಿರಿಯ ಲೇಖಕರ ಸ್ಥಾನದಲ್ಲಿ ಮಾತ್ರ ಅದು 2004ರಲ್ಲೂ ಶೇ 19.3. ವಿದ್ಯಾರ್ಥಿಗೆ ಮಾರ್ಗದರ್ಶಕರಾಗುವವರು ಈ ಹಿರಿಯರೇ.

ಭಾರತದಲ್ಲಿ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮೊದಲ ಬಾಗಿಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ವಿದ್ಯಾರ್ಥಿವೇತನ. ಎರಡು ತಿಂಗಳ ಅಧ್ಯಯನ, ವರದಿ ಒಪ್ಪಿಗೆಯಾದರೆ ಪ್ರಮಾಣಪತ್ರ ಮತ್ತು ಹಣ. ಒಳ್ಳೆಯ ಯೋಜನೆ, ಸಂದೇಹವಿಲ್ಲ; ಬಡ ಮನೆಯ ಹುಡುಗಿಗೂ ಇದು ಎಟಕುತ್ತದೆ. ಆದರೆ ಅರ್ಜಿಗೆ ಮುಂಚೆ ಗೈಡ್ ಒಪ್ಪಬೇಕು, ಆ ಗೈಡನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಯಾರನ್ನು ಒಪ್ಪಿಕೊಳ್ಳುವುದೆಂಬುದು ಬಹುಮಟ್ಟಿಗೆ ಅಧ್ಯಾಪಕರ ವಿವೇಚನೆ. ಒಪಿಡಿ ಮುಗಿದ ಮೇಲಿನ ಮಾತುಕತೆ, ಸೀನಿಯರ್‌ಗಳ ಶಿಫಾರಸು, ಸಂಜೆಯ ಸಲಿಗೆ ಇವೆಲ್ಲ ಅಲ್ಲಿ ಕೆಲಸ ಮಾಡುತ್ತವೆ. ಸಂಜೆಯೇ ಹಾಸ್ಟೆಲ್ ಸೇರಬೇಕಾದವಳು ಆ ಬಳಗದಿಂದ ಹೊರಗೇ ಉಳಿಯುತ್ತಾಳೆ. 2022ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಹಾಸ್ಟೆಲ್‌ನ ರಾತ್ರಿ ಗಡುವಿನ ವಿರುದ್ಧ ಕೇರಳ ಹೈಕೋರ್ಟಿನ ಮೊರೆ ಹೋದರು. ಅದನ್ನು ಬರೀ ಓಡಾಟದ ಹಕ್ಕಿನ ಪ್ರಶ್ನೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಗ್ರಂಥಾಲಯ, ಪ್ರಯೋಗಾಲಯ, ವಾರ್ಡುಗಳ ಸಮಯವೂ ಆ ಗಡುವಿಗೆ ಅಂಟಿಕೊಂಡಿತ್ತು.

ಆದ್ದರಿಂದ ಹುಡುಗಿಯರಿಗೆ ಆಸಕ್ತಿ ಕಡಿಮೆ ಎಂಬ ವಿವರಣೆ ದುರ್ಬಲ. ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿ ಆಯ್ಕೆಯಾದರು, ಎಷ್ಟು ವರದಿಗಳು ಲೇಖನವಾದವು, ಅದರಲ್ಲಿ ಹೆಸರು ಯಾರದು ಎಂಬುದನ್ನು ಹಂತಹಂತವಾಗಿ ಬಿಡಿಸಿ ನೋಡದ ಸಮೀಕ್ಷೆ ಆಸಕ್ತಿಯ ಬಗ್ಗೆ ಏನನ್ನೂ ಹೇಳಲಾರದು.

ನರ್ಸಿಂಗ್ ವಿದ್ಯಾರ್ಥಿನಿಯರ ವಿಷಯ ಇನ್ನೂ ನೋವಿನದು. ಹೆಣ್ಣುಮಕ್ಕಳೇ ಬಹುಪಾಲು ತುಂಬಿರುವ ಬಿಎಸ್ಸಿ ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಕಡ್ಡಾಯ ವಿಷಯ, ಪ್ರಾಜೆಕ್ಟ್ ಕೂಡ ಉಂಟು. ಆದರೆ ಎಸ್‌ಟಿಎಸ್ ರೂಪುಗೊಂಡದ್ದು ಇವರಿಗಾಗಿ ಅಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಹುಟ್ಟಿದ ಇವರ ಪ್ರಶ್ನೆಗಳು ಪ್ರಾಜೆಕ್ಟ್ ವರದಿಗಳಲ್ಲಿ ಬೈಂಡಾಗಿ ಕಾಲೇಜಿನ ಕಪಾಟು ಸೇರುವುದೇ ಹೆಚ್ಚು.